ಒಂದೇ ತಪ್ಪು ಉತ್ತರ, ಬೇರೆ ಬೇರೆ ಕಾರಣ

(ಮಕ್ಕಳ ಮಟ್ಟಕ್ಕೆ ತಕ್ಕ ಗಣಿತ ಮತ್ತು ವ್ಯಾಕರಣ ಚಟುವಟಿಕೆಗಳನ್ನು ಕುರಿತು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕದಿಂದಲೇ ಶುರು ಮಾಡೋಣ. 52ರಲ್ಲಿ 27 ಕಳೆದರೆ 25. ಮೂರನೇ ತರಗತಿಯಲ್ಲಿ ಈ ಲೆಕ್ಕ ಕೊಟ್ಟು ನೋಡಿ, ತಪ್ಪು ಮಾಡುವವರಲ್ಲಿ ಬಹಳ ಮಂದಿ 35 ಎಂದು ಬರೆದಿರುತ್ತಾರೆ. ನಾವು ಅಷ್ಟಕ್ಕೂ ಒಂದೇ ಕೆಂಪು ಗೆರೆ ಹಾಕಿ, ಅವರನ್ನೆಲ್ಲ ಒಂದೇ ಕಡೆ ಕೂರಿಸಿ, ಅದೇ ಪಾಠವನ್ನು ಇನ್ನೊಮ್ಮೆ ಮಾಡುತ್ತೇವೆ. ಆದರೆ ಈ 35ಕ್ಕೆ ಎರಡು ದಾರಿಗಳಿವೆ. ಒಂದು ಮಗು ಬಿಡಿಸ್ಥಾನದಲ್ಲಿ 2 ಮತ್ತು 7 ನೋಡಿ, ದೊಡ್ಡದರಿಂದ ಚಿಕ್ಕದನ್ನು ಕಳೆದು 5 ಬರೆದಿದೆ. ಇನ್ನೊಂದು ಮಗು ಹತ್ತನ್ನು ಬಿಡಿಸಿ 12ರಲ್ಲಿ 7 ಕಳೆದು 5 ಎಂದು ಸರಿಯಾಗಿಯೇ ಬರೆದಿದೆ, ಆದರೆ ಹತ್ತರ ಸ್ಥಾನದ 5 ಈಗ 4 ಆಯಿತು ಎಂಬುದನ್ನು ಮರೆತಿದೆ. ಮೊದಲ ಮಗುವಿಗೆ ಹತ್ತನ್ನು ಬಿಡಿಸಬಹುದು ಎಂಬುದೇ ಗೊತ್ತಿಲ್ಲ. ಎರಡನೆಯದಕ್ಕೆ ಗೊತ್ತಿದೆ, ಬರೆದಿಡುವುದು ಗೊತ್ತಿಲ್ಲ. ಇಬ್ಬರಿಗೂ ಒಂದೇ ಚಟುವಟಿಕೆ ಕೊಟ್ಟರೆ ಒಬ್ಬರ ಹೊತ್ತು ಖಂಡಿತ ಹಾಳು.

ಇವತ್ತು ಹೇಳಬೇಕಾದದ್ದು ಮುಖ್ಯವಾಗಿ ಇದನ್ನೇ. ಗುಂಪು ಮಾಡುವಾಗ ಅಂಕ ನೋಡಬೇಡಿ, ತಪ್ಪಿನ ಬಗೆ ನೋಡಿ. ಜಾಣರು, ಸಾಧಾರಣ, ಹಿಂದುಳಿದವರು ಎಂದು ಜೂನ್‌ನಲ್ಲಿ ಮಾಡಿದ ಮೂರು ಸಾಲು ಮಾರ್ಚ್‌ವರೆಗೆ ಹಾಗೇ ಉಳಿದರೆ ಅದು ಬರೀ ಕೂರಿಸುವ ವ್ಯವಸ್ಥೆ. ಕಳೆಯುವ ಲೆಕ್ಕದಲ್ಲಿ ಹಿಂದಿರುವ ಮಗು ಭಿನ್ನರಾಶಿಯಲ್ಲಿ ಮುಂದಿರಬಹುದು, ವಿಭಕ್ತಿ ಪ್ರತ್ಯಯದಲ್ಲಿ ಮೂರನೆಯದೇ ಗುಂಪಿಗೆ ಸೇರಬಹುದು.

ಮಕ್ಕಳ ತಪ್ಪು ಯದ್ವಾತದ್ವಾ ಬರುವುದಿಲ್ಲ ಎಂಬುದು ಹೊಸ ಮಾತೇನಲ್ಲ. ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿಯೇ ಕಳೆಯುವ ಲೆಕ್ಕದ ತಪ್ಪುಗಳನ್ನು ಬಿಡಿಸಿ ನೋಡಿ, ಮಗು ಬಹಳ ಸಲ ಒಂದು ತಪ್ಪು ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿರುತ್ತದೆ ಎಂದು ತೋರಿಸಿದ್ದರು. ಆ ನಿಯಮ ಯಾವುದೆಂದು ಕಂಡುಹಿಡಿಯುವಂಥ ಲೆಕ್ಕಗಳನ್ನು ಆರಿಸಿಕೊಳ್ಳುವುದೇ ನಮ್ಮ ಮೊದಲ ಕೆಲಸ.

ನಾಲ್ಕು ಲೆಕ್ಕದ ಪರೀಕ್ಷೆ

52 − 27 ಇದಕ್ಕೆ ಒಗ್ಗುವುದಿಲ್ಲ ಎಂದು ಈಗಷ್ಟೇ ನೋಡಿದಿರಿ. ಬಿಡಿ ಅಂಕಿಗಳ ನಡುವಿನ ವ್ಯತ್ಯಾಸ ಸರಿಯಾಗಿ 5 ಇದ್ದಾಗ ಎರಡೂ ತಪ್ಪುಗಳು ಒಂದೇ ಉತ್ತರಕ್ಕೆ ಬಂದು ನಿಲ್ಲುತ್ತವೆ. ಆದ್ದರಿಂದ ಪರೀಕ್ಷೆಗೆ 53 − 27 ತೆಗೆದುಕೊಳ್ಳಿ. ಸರಿ ಉತ್ತರ 26. ದೊಡ್ಡದರಿಂದ ಚಿಕ್ಕದು ಕಳೆಯುವ ಮಗು 34 ಬರೆಯುತ್ತದೆ, ಹತ್ತು ಕಡಿಮೆ ಮಾಡಲು ಮರೆಯುವ ಮಗು 36 ಬರೆಯುತ್ತದೆ. ಉತ್ತರ ನೋಡಿದ ಕೂಡಲೇ ಕಾರಣ ತಿಳಿಯಿತು.

ಎರಡನೆಯದು 60 − 34. ಇಲ್ಲಿಯೂ 34 ಮತ್ತು 36 ಅದೇ ಕಥೆ ಹೇಳುತ್ತವೆ. ಜೊತೆಗೆ 30 ಎಂದು ಬರೆಯುವವರು ಸಿಗುತ್ತಾರೆ. ಅವರ ಪ್ರಕಾರ ಸೊನ್ನೆಯಲ್ಲಿ ಏನು ಕಳೆದರೂ ಸೊನ್ನೆಯೇ. ಮೂರನೆಯದು 45 − 8. ಇದನ್ನು ಅಡ್ಡಸಾಲಿನಲ್ಲಿಯೇ ಕೊಡಿ, ಮೇಲೆ ಕೆಳಗೆ ಜೋಡಿಸುವ ಕೆಲಸ ಮಗುವಿನದು. 8ನ್ನು 4ರ ಕೆಳಗೆ ಬರೆದರೆ ತೊಂದರೆ ಸ್ಥಾನಬೆಲೆಯಲ್ಲಿದೆ, ಅಲ್ಲಿಗೇ ಹೋಗಬೇಕು. ನಾಲ್ಕನೆಯದು 402 − 168. ಸರಿ ಉತ್ತರ 234. ಮೊದಲ ಮೂರು ಲೆಕ್ಕ ಸರಿ ಮಾಡಿದವರಲ್ಲಿಯೂ ಕೆಲವರು ಇಲ್ಲಿ 144 ಬರೆಯುತ್ತಾರೆ. ಹತ್ತರ ಸ್ಥಾನದಲ್ಲಿ ಸೊನ್ನೆ ಇದೆಯಲ್ಲ, ಅದನ್ನು ದಾಟಿ ನೂರರಿಂದ ಬಿಡಿಗೆ ನೇರವಾಗಿ ತಂದಿದ್ದಾರೆ. ಮತ್ತೆ ಹತ್ತರ ಸ್ಥಾನಕ್ಕೆ ಬೇಕಾದಾಗ ನೂರಕ್ಕೇ ಇನ್ನೊಮ್ಮೆ ಕೈ ಹಾಕಿದ್ದಾರೆ.

ಒಂದು ಹಾಳೆಯಲ್ಲಿ ಮಕ್ಕಳ ಹೆಸರು ಕೆಳಕ್ಕೆ, ನಾಲ್ಕು ಲೆಕ್ಕ ಅಡ್ಡಕ್ಕೆ. ಸರಿ ಇದ್ದರೆ ಖಾಲಿ ಬಿಡಿ, ತಪ್ಪಿದ್ದರೆ ಮಗು ಬರೆದ ಉತ್ತರವನ್ನೇ ಬರೆದುಕೊಳ್ಳಿ. 'ತಪ್ಪು' ಎಂಬ ಗುರುತು ಹಾಕಿದರೆ ಮಾಹಿತಿ ಕಳೆದುಹೋಯಿತು. 30 ಮಕ್ಕಳಿದ್ದರೂ ಹಾಳೆ ತುಂಬಿದ ಮೇಲೆ ಮೂರು ಗುಂಪು ತಾನಾಗಿಯೇ ಕಾಣುತ್ತದೆ. ಎಲ್ಲಿಯೂ ಕೂರದ ಉತ್ತರ ಬರೆದ ಮಗುವನ್ನು ಮಾತ್ರ ಹತ್ತಿರ ಕರೆದು, "ಇದನ್ನು ಹೇಗೆ ಮಾಡಿದೆ, ನನಗೂ ಹೇಳಿಕೊಡು ಪುಟ್ಟ" ಎನ್ನಿ. ಯಾಕೆ ತಪ್ಪು ಮಾಡಿದೆ ಎಂದು ಕೇಳಿದರೆ ಮಗು ಬಾಯಿ ಬಿಡುವುದಿಲ್ಲ.

ಮೂರು ಗುಂಪು, ಒಂದೇ ಲೆಕ್ಕ

34 ಬರೆದವರಿಗೆ ಕಡ್ಡಿ ಕಟ್ಟು. ಇಬ್ಬರಿಗೆ ಒಂದು ಜೊತೆ: ಹತ್ತು ಹತ್ತರ 9 ಕಟ್ಟು, 9 ಬಿಡಿ ಕಡ್ಡಿ, ಕಟ್ಟಲು ರಬ್ಬರ್ ಬ್ಯಾಂಡ್. 53 − 27 ಮಾಡುವಾಗ 53ನ್ನು ಮಾತ್ರ ಇಡಬೇಕು. ಇಲ್ಲಿಯೇ ಮೊದಲ ಎಡವಟ್ಟು ಆಗುವುದು. ಕೂಡುವ ಲೆಕ್ಕದ ಅಭ್ಯಾಸದಲ್ಲಿ ಮಕ್ಕಳು 53 ಒಂದು ಕಡೆ, 27 ಇನ್ನೊಂದು ಕಡೆ ಇಟ್ಟುಬಿಡುತ್ತಾರೆ; ಆಮೇಲೆ ಯಾವುದರಿಂದ ಯಾವುದನ್ನು ತೆಗೆಯುವುದೆಂದು ತಿಳಿಯದೆ ಎಲ್ಲವನ್ನೂ ಸೇರಿಸಿ ಎಣಿಸುತ್ತಾರೆ. 27ನ್ನು ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಿ, ಕಡ್ಡಿಯಲ್ಲಿ ಬೇಡ.

ಮೊದಲು 7 ಬಿಡಿ ಕಡ್ಡಿ ತೆಗೆಯಲು ಹೇಳಿ. ಮೂರೇ ಇವೆ. ಆಗ ಸುಮ್ಮನಿರಿ. ಕಟ್ಟು ಬಿಚ್ಚಬಹುದು ಎಂದು ನಾವೇ ಹೇಳಿಬಿಟ್ಟರೆ ಈ ಚಟುವಟಿಕೆಯ ಜೀವವೇ ಹೋಗುತ್ತದೆ. ಬಿಚ್ಚಿದ ಕ್ಷಣವೇ ಪಾಟಿಯಲ್ಲಿ 5ನ್ನು ಹೊಡೆದು 4, 3ನ್ನು ಹೊಡೆದು 13 ಎಂದು ಬರೆಯಬೇಕು. ಕಡ್ಡಿಯ ಕೆಲಸ ಪೂರ್ತಿ ಮುಗಿಸಿ ಕೊನೆಗೆ ಉತ್ತರ ಮಾತ್ರ ಬರೆಯಲು ಬಿಟ್ಟರೆ, ಕಡ್ಡಿಗೂ ಪಾಟಿಯ ಮೇಲಿನ ಅಂಕಿಗೂ ಸಂಬಂಧವೇ ಹುಟ್ಟುವುದಿಲ್ಲ. ಕಡ್ಡಿಯಲ್ಲಿ ಸರಿಯಾಗಿ ಮಾಡುವ ಮಗು ಪುಸ್ತಕದಲ್ಲಿ ಮತ್ತೆ 34 ಬರೆಯುತ್ತದೆ ಎಂಬ ದೂರಿಗೆ ಬಹುಪಾಲು ಕಾರಣ ಇದೇ. ಹೀಗೆ ಮೂರು ಲೆಕ್ಕ ಕಡ್ಡಿಯಲ್ಲಿ, ಮುಂದಿನ ಮೂರು ಚಿತ್ರದಲ್ಲಿ (ಹತ್ತಕ್ಕೆ ಒಂದು ಗೆರೆ, ಬಿಡಿಗೆ ಚುಕ್ಕಿ), ಆಮೇಲೆ ಮೂರು ಬರೀ ಅಂಕಿಯಲ್ಲಿ. ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಹೇಳಿದ ಕೈ, ಚಿತ್ರ, ಸಂಕೇತ ಎಂಬ ಮೂರು ಹೆಜ್ಜೆಗಳಿವು. ನಾವು ಹೆಚ್ಚಾಗಿ ನಡುವಿನ ಚಿತ್ರದ ಹೆಜ್ಜೆಯನ್ನು ಹಾರಿಸುತ್ತೇವೆ.

36 ಬರೆದವರಿಗೆ ಕಡ್ಡಿ ಬೇಕಿಲ್ಲ. ಕೊಟ್ಟರೆ ಆಟಕ್ಕೆ ತಿರುಗುತ್ತದೆ. ಅವರಿಗೆ ಕಳೆಯದೇ ಬರೀ ಬಿಡಿಸಿ ಬರೆಯುವ ಕೆಲಸ ಕೊಡಿ. 53 = 40 + □. 60 = 50 + □. 81 = □ + 11. ಇಂಥವು ಹತ್ತು. ಎಡಗಡೆಯ ಮೊತ್ತ ಬದಲಾಗಬಾರದು ಎಂಬ ಒಂದೇ ಅರಿವು ಅವರಿಗೆ ಬೇಕಾಗಿರುವುದು, 36 ಬಂದದ್ದು 53 ಇದ್ದದ್ದು 63 ಆದದ್ದರಿಂದ. 144 ಬರೆದವರನ್ನೂ ಇಲ್ಲಿಯೇ ಕೂರಿಸಿ, ಸಂಖ್ಯೆ ಮಾತ್ರ ದೊಡ್ಡದು ಮಾಡಿ: 402 = 300 + 90 + □. ಹತ್ತು ಬಿಡಿಸಿ ಬರೆದ ಮೇಲೆ ಎರಡೇ ಎರಡು ಕಳೆಯುವ ಲೆಕ್ಕ ಸಾಕು.

ಎಲ್ಲ ಸರಿ ಮಾಡಿದವರ ವಿಷಯಕ್ಕೆ ಬಂದರೆ ನಾವು ಎರಡು ಅನ್ಯಾಯ ಮಾಡುತ್ತೇವೆ. ಇನ್ನೂ ಇಪ್ಪತ್ತು ಅದೇ ಲೆಕ್ಕ ಕೊಡುತ್ತೇವೆ, ಇಲ್ಲವೇ "ಪಕ್ಕದವನಿಗೆ ಹೇಳಿಕೊಡು" ಎನ್ನುತ್ತೇವೆ. ಅಪರೂಪಕ್ಕೆ ಹೇಳಿಕೊಡುವುದು ಒಳ್ಳೆಯದೇ. ದಿನಾ ಅದೇ ಆದರೆ ಆ ಮಗು ಬಿಟ್ಟಿ ಶಿಕ್ಷಕ ಆಗುತ್ತದೆ, ಅದರ ಕಲಿಕೆ ನಿಂತಲ್ಲೇ ನಿಲ್ಲುತ್ತದೆ. ಅವರಿಗೆ 2, 3, 5, 7 ಎಂಬ ನಾಲ್ಕು ಅಂಕಿ ಚೀಟಿ ಕೊಡಿ. ಪ್ರತಿ ಚೀಟಿಯನ್ನೂ ಒಮ್ಮೆ ಬಳಸಿ ಎರಡಂಕಿಯ ಎರಡು ಸಂಖ್ಯೆ ಮಾಡಬೇಕು, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು. ಅತಿ ದೊಡ್ಡ ಉತ್ತರ ಯಾವುದು? 75 − 23 = 52, ಇದನ್ನು ಬೇಗ ಹಿಡಿಯುತ್ತಾರೆ. ಅತಿ ಚಿಕ್ಕ ಉತ್ತರ? ಇದಕ್ಕೆ ಹೊತ್ತು ಹಿಡಿಯುತ್ತದೆ. 37 − 25 = 12 ಎಂದು ನಿಲ್ಲಿಸುವವರಿಗೆ "ಇನ್ನೂ ಚಿಕ್ಕದಿದೆ" ಎಂದಷ್ಟೇ ಹೇಳಿ ಮುಂದೆ ಹೋಗಿ. 35 − 27 = 8. ಹತ್ತರ ಸ್ಥಾನಕ್ಕೆ ಹತ್ತಿರದ ಅಂಕಿಗಳು ಬೇಕು, ದೊಡ್ಡ ಸಂಖ್ಯೆಗೆ ಚಿಕ್ಕ ಬಿಡಿ ಬೇಕು ಎಂಬ ಕಾರಣವನ್ನು ಅವರ ಬಾಯಿಂದಲೇ ಹೇಳಿಸಿ. ಆಮೇಲೆ ಅಂಕಿಗಳನ್ನು ಬದಲಿಸಿ ಕೊಟ್ಟರೆ ಆ ಕಾರಣ ನಿಜಕ್ಕೂ ಗಟ್ಟಿಯಾಗಿದೆಯೇ ಎಂದು ತಿಳಿಯುತ್ತದೆ.

ಭಿನ್ನರಾಶಿಗೂ ಇದೇ ಕ್ರಮ, ಅದನ್ನು ಬೇಗ ಮುಗಿಸುತ್ತೇನೆ. 1/3ಕ್ಕಿಂತ 1/4 ದೊಡ್ಡದು, ಏಕೆಂದರೆ 4 ಎಂಬುದು 3ಕ್ಕಿಂತ ದೊಡ್ಡದು ಎನ್ನುವ ಮಗುವಿಗೆ ಕಾಗದದ ಪಟ್ಟಿ ಕೊಡಿ. ಪಟ್ಟಿಯ ಉದ್ದ 24 ಸೆಂಟಿಮೀಟರ್ ಇರಲಿ: ಅರ್ಧ 12, ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3. ಎಲ್ಲವೂ ಪೂರ್ಣ ಸಂಖ್ಯೆ, ಅಳತೆಪಟ್ಟಿಯಲ್ಲಿ ಗೆರೆ ಹಾಕಿ ಕತ್ತರಿಸಬಹುದು. ಮಡಿಸಿ ಮಾಡಲು ಬಿಟ್ಟರೆ ಮೂರು ಭಾಗಕ್ಕೆ ಹೋದವರು ನಾಲ್ಕಕ್ಕೆ ತಲುಪುತ್ತಾರೆ. ಐದನೇ ಒಂದು ಈ ಪಟ್ಟಿಯಲ್ಲಿ 4.8 ಸೆಂಟಿಮೀಟರ್ ಆಗುತ್ತದೆ, ಅದನ್ನು ಆ ದಿನ ಬಿಡಿ. ವೃತ್ತವನ್ನು ಮೂರು ಸಮ ಪಾಲು ಮಾಡುವುದು ದೊಡ್ಡವರಿಗೇ ಕಷ್ಟ, ಮೊದಲ ದಿನಕ್ಕೆ ಅದು ಬೇಡವೇ ಬೇಡ.

ವ್ಯಾಕರಣದಲ್ಲಿ ಕಿವಿ ಮತ್ತು ಕೈ

ವಿಭಕ್ತಿ ಪ್ರತ್ಯಯ ಕಲಿಸುವುದೆಂದರೆ ಉ, ಅನ್ನು, ಇಂದ, ಗೆ ಎಂದು ಬಾಯಿಪಾಠ ಮಾಡಿಸುವುದು ಎಂಬ ಅಭ್ಯಾಸ ಗಟ್ಟಿಯಾಗಿದೆ. ನಾಲ್ಕನೇ ತರಗತಿಯ ಮಗು 'ದೆಸೆಯಿಂದ' ಎಂದು ಗಟ್ಟಿಯಾಗಿ ಹೇಳುತ್ತದೆ, ಆದರೆ ಅದನ್ನು ಬಳಸಿ ಒಂದು ವಾಕ್ಯ ಹೇಳು ಎಂದರೆ ನಮ್ಮ ಮುಖ ನೋಡುತ್ತದೆ. ಅದರಲ್ಲಿ ಮಗುವಿನ ತಪ್ಪೇನಿಲ್ಲ, ಆಡುವ ಕನ್ನಡದಲ್ಲಿ ಅದು ಕೇಳಿಸುವುದೇ ಅಪರೂಪ. ಹೆಸರು ಆಮೇಲೆ ಕಲಿಯಲಿ, ಬಳಕೆ ಮೊದಲು.

ಇಲ್ಲಿಯೂ ಪರೀಕ್ಷೆಯಿಂದ ಶುರು. ಐದು ವಾಕ್ಯ ತೆಗೆದುಕೊಳ್ಳಿ: ಹಕ್ಕಿ (ಮರ) ಹಾರಿಹೋಯಿತು, ಅಕ್ಕ (ಪುಸ್ತಕ) ಓದಿದಳು, ನಾವು (ಮೈದಾನ) ಹೋದೆವು, (ಬುಟ್ಟಿ) ಹಣ್ಣಿದೆ, (ಮನೆ) ಬಾಗಿಲು ದೊಡ್ಡದು. ಮೊದಲು ಬಾಯಲ್ಲಿ ಹೇಳಿಸಿ, ಇನ್ನೊಂದು ದಿನ ಬರೆಯಿಸಿ. 'ಮೈದಾನಗೆ' ಎಂದು ಬಾಯಲ್ಲಿಯೇ ಹೇಳುವ ಮಗುವಿಗೆ, ಬಹುಶಃ ಮನೆಮಾತು ಬೇರೆ ಇರಬಹುದು, ಕಿವಿಗೆ ಕನ್ನಡ ಸಾಲದು. 'ಮೈದಾನಕ್ಕೆ' ಎಂದು ಸರಿಯಾಗಿ ಹೇಳಿ 'ಮೈದಾನಕೆ' ಎಂದು ಬರೆಯುವ ಮಗುವಿಗೆ ವ್ಯಾಕರಣ ಬರುತ್ತದೆ, ಒತ್ತಕ್ಷರ ಬರುವುದಿಲ್ಲ. ಈ ಎರಡನೆಯ ಮಗುವಿಗೆ ವಿಭಕ್ತಿಯ ಪಟ್ಟಿಯನ್ನು ಇನ್ನೊಮ್ಮೆ ಬರೆಯಿಸಿ ಏನು ಪ್ರಯೋಜನ?

ಕಿವಿಯ ಗುಂಪಿಗೆ ಚೀಟಿ ಜೋಡಿಸುವ ಆಟವಿದೆ. ಬಿಳಿ ಚೀಟಿಯಲ್ಲಿ ಪದ, ನೀಲಿ ಚೀಟಿಯಲ್ಲಿ ಪ್ರತ್ಯಯ. ಸಾಮಾನ್ಯವಾಗಿ ಈ ಎರಡನ್ನೇ ಮಾಡಿ ಕೊಡುತ್ತಾರೆ, ಅಲ್ಲಿಗೆ ಆಟ ಕೆಡುತ್ತದೆ. ಮರ, ಅನ್ನು ಎರಡನ್ನೂ ಪಕ್ಕ ಪಕ್ಕ ಇಟ್ಟರೆ 'ಮರಅನ್ನು' ಆಗುತ್ತದೆ. ಅದನ್ನು ಓದಿಕೊಂಡು ಮಗು 'ಮರನ್ನು' ಎಂದು ಬರೆಯುತ್ತದೆ. ನಡುವೆ ಮೂರನೆಯ, ಹಳದಿ ಚೀಟಿ ಬೇಕು: ವ, ಯ, ದ. ಮರ–ವ–ಅನ್ನು, ಮನೆ–ಯ–ಅನ್ನು, ಮರ–ದ–ಅಲ್ಲಿ. ಜೋಡಿಸಿದ್ದನ್ನು ಗಟ್ಟಿಯಾಗಿ ಹೇಳಿ, ಆಮೇಲೆ ಕೂಡಿಸಿ ಬರೆಯಬೇಕು.

ಪದಗಳ ಆಯ್ಕೆಯಲ್ಲಿ ಎಚ್ಚರ ಇರಲಿ. ಮೊದಲ ವಾರ ಎರಡೇ ಜಾತಿ ಸಾಕು: ಅಕಾರದಿಂದ ಮುಗಿಯುವ ನಪುಂಸಕ ಪದಗಳು (ಮರ, ಪುಸ್ತಕ, ಮೈದಾನ, ಹೊಲ), ಇ ಅಥವಾ ಎಯಿಂದ ಮುಗಿಯುವವು (ಬುಟ್ಟಿ, ಗಿಳಿ, ಮನೆ, ಎಲೆ). ಒಂದಕ್ಕೆ 'ಕ್ಕೆ', ಇನ್ನೊಂದಕ್ಕೆ 'ಗೆ', ಮರದಿಂದ, ಮನೆಯಿಂದ. ಉಕಾರದ ಪದಗಳನ್ನು ಎರಡನೇ ವಾರಕ್ಕೆ ಇಡಿ, ಏಕೆಂದರೆ ಅವು ಎರಡು ದಾರಿ ಹಿಡಿಯುತ್ತವೆ. ಊರು, ಕಾಡು, ಕಲ್ಲು ತಮ್ಮ ಕೊನೆಯ ಉಕಾರ ಬಿಟ್ಟು ಊರನ್ನು, ಕಾಡಿಗೆ, ಕಲ್ಲನ್ನು ಆಗುತ್ತವೆ. ಹಸು, ಗುರು, ಮಗು ಉಕಾರವನ್ನು ಉಳಿಸಿಕೊಂಡು ಹಸುವನ್ನು, ಗುರುವಿಗೆ, ಮಗುವಿನ ಆಗುತ್ತವೆ. ಎರಡನ್ನೂ ಒಂದೇ ದಿನ ಕೊಟ್ಟರೆ 'ಹಸನ್ನು' ಎಂಬ ರೂಪ ಹುಟ್ಟುತ್ತದೆ. ಊರಿನಲ್ಲಿ, ಊರಲ್ಲಿ ಎರಡೂ ಸರಿ ಎಂಬುದನ್ನೂ ಮೊದಲೇ ಒಪ್ಪಿಕೊಂಡಿರಿ.

ಒತ್ತಕ್ಷರದ ಗುಂಪಿಗೆ ಉಕ್ತಲೇಖನ, ಆದರೆ ಪದಗಳು ಜೋಡಿಯಾಗಿ ಬರಲಿ: ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿ, ಆಮೇಲೆ ಮರಕ್ಕೆ, ಮರದಲ್ಲಿ, ಮರವನ್ನು. ಎರಡು ಪದದ ವ್ಯತ್ಯಾಸ ಕೇಳಿಸಿದ ಮೇಲೆಯೇ ಬರೆಯುವುದು.

ಎರಡೂ ಚೆನ್ನಾಗಿ ಬರುವವರಿಗೆ ವಿಂಗಡಣೆ. ಮರವನ್ನು, ಊರಲ್ಲಿ, ಮನೆಯನ್ನು, ಕಲ್ಲನ್ನು, ಗುರುವನ್ನು, ಕಾಡಲ್ಲಿ, ಹೀಗೆ ಒಂದು ಹನ್ನೆರಡು ಪದ ಕೊಟ್ಟು, ಬಿಡಿಸಿ ಬರೆದು ಎರಡು ರಾಶಿ ಮಾಡಲು ಹೇಳಿ: ಒಂದು ಅಕ್ಷರ ಹೊಸದಾಗಿ ಬಂದವು, ಇದ್ದ ಅಕ್ಷರ ಹೋದವು. ರಾಶಿ ಆದ ಮೇಲೆ ಬಂದದ್ದಕ್ಕೆ ಆಗಮ, ಹೋದದ್ದಕ್ಕೆ ಲೋಪ ಎಂದು ಹೆಸರು ಕೊಡಿ. ಸಂಧಿಯ ಪಾಠ ಅರ್ಧ ಮುಗಿದಿರುತ್ತದೆ.

ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆಗೆ ಒಂದೇ ವಾಕ್ಯ ಸಾಕು: 'ನಿನ್ನೆ ಹುಡುಗನು ಮರದಿಂದ ಬಿದ್ದನು.' ಮೊದಲ ಗುಂಪು ಹುಡುಗನನ್ನು ಮಾತ್ರ ಬದಲಿಸುತ್ತದೆ: ಹುಡುಗಿ, ಹಣ್ಣು, ಎಲೆಗಳು. ಎರಡನೆಯದು ನಿನ್ನೆಯನ್ನು ಮಾತ್ರ. ಮೂರನೆಯದು ಎರಡನ್ನೂ ಒಟ್ಟಿಗೆ. ನಾಳೆ ಎಂದಾಗ 'ಬೀಳುತ್ತಾನೆ' ಎಂದು ಬರೆದ ಮಗುವಿಗೆ ತಪ್ಪು ಹಾಕಬೇಡಿ. ಪಠ್ಯಪುಸ್ತಕದ ಭವಿಷ್ಯತ್ ರೂಪ 'ಬೀಳುವನು', ಆದರೆ ಆಡುಮಾತಿನಲ್ಲಿ ನಾಳೆಯ ಕೆಲಸಕ್ಕೂ 'ಬೀಳುತ್ತಾನೆ' ಎಂದೇ ಹೇಳುತ್ತೇವೆ.

ಪ್ರತ್ಯಯ ತಪ್ಪಿದರೆ ಲೆಕ್ಕ ತಪ್ಪು

ಗಣಿತ ಬೇರೆ, ವ್ಯಾಕರಣ ಬೇರೆ ಎಂದುಕೊಂಡವರಿಗೆ ಈ ಪರೀಕ್ಷೆ. ರವಿಯ ಬಳಿ 12 ಪೆನ್ಸಿಲ್ ಇದ್ದವು. ಕೆಳಗಿನ ಪ್ರತಿಯೊಂದರಲ್ಲಿಯೂ ಈಗ ರವಿಯ ಬಳಿ ಎಷ್ಟು?

1. ರವಿ ಗಿರಿಗೆ 5 ಕೊಟ್ಟನು.
2. ರವಿಗೆ ಗಿರಿ 5 ಕೊಟ್ಟನು.
3. ಗಿರಿಗೆ ರವಿ 5 ಕೊಟ್ಟನು.
4. ಗಿರಿ ರವಿಯಿಂದ 5 ತೆಗೆದುಕೊಂಡನು.

ಸರಿ ಉತ್ತರ 7, 17, 7, 7. ಕನ್ನಡದಲ್ಲಿ ಪದಗಳ ಸ್ಥಾನ ಹಿಂದುಮುಂದಾದರೂ ಅರ್ಥ ಕೆಡುವುದಿಲ್ಲ, ಕೊಟ್ಟವರಾರು ಪಡೆದವರಾರು ಎಂಬುದೆಲ್ಲ 'ಗೆ' ಮತ್ತು 'ಇಂದ'ಗಳ ಮೇಲೆ ನಿಂತಿದೆ. 'ಕೊಟ್ಟನು ಎಂದರೆ ಕಳೆ, ತೆಗೆದುಕೊಂಡನು ಎಂದರೆ ಕೂಡು' ಎಂಬ ಸೂತ್ರ ಹಿಡಿದ ಮಗು 7, 7, 7, 17 ಬರೆಯುತ್ತದೆ. ಮೊದಲು ಬಂದ ಹೆಸರೇ ಕೆಲಸ ಮಾಡಿದವನದು ಎಂದುಕೊಳ್ಳುವ ಮಗು 7, 7, 17, 7 ಬರೆಯುತ್ತದೆ. ಇಬ್ಬರಿಗೂ ಕೂಡಲು ಕಳೆಯಲು ಚೆನ್ನಾಗಿ ಬರುತ್ತದೆ. ಹೆಸರುಗಳಲ್ಲಿ ಇಬ್ಬರೂ ಗಂಡು ಅಥವಾ ಇಬ್ಬರೂ ಹೆಣ್ಣಾಗಿರಲಿ. ಒಬ್ಬ ಹುಡುಗ ಒಬ್ಬಳು ಹುಡುಗಿ ಆದರೆ 'ಕೊಟ್ಟಳು' ಎಂಬ ಕ್ರಿಯಾಪದವೇ ಸುಳಿವು ಕೊಟ್ಟುಬಿಡುತ್ತದೆ, ಪ್ರತ್ಯಯ ಓದಬೇಕಾಗಿಯೇ ಇಲ್ಲ.

ಸೂತ್ರ ಹಿಡಿದವರಿಗೆ ನಿಜವಾದ ಪೆನ್ಸಿಲ್ ಕೊಟ್ಟು ಅಭಿನಯ ಮಾಡಿಸಿ. ವಾಕ್ಯ ಓದಿದ ಮೇಲೆ ಪೆನ್ಸಿಲ್ ಯಾರ ಕೈಯಿಂದ ಯಾರ ಕೈಗೆ ಹೋಗಬೇಕು ಎಂದು ಉಳಿದವರು ಬೆರಳು ತೋರಿಸಲಿ. ಮೊದಲ ಹೆಸರಿಗೆ ಅಂಟಿಕೊಂಡವರು 'ಗೆ', 'ಇಂದ'ಗಳಿಗೆ ಸುತ್ತು ಹಾಕಿ, ಕೊಟ್ಟವನಿಂದ ಪಡೆದವನ ಕಡೆಗೆ ಬಾಣ ಎಳೆಯಲಿ. ಬಾಣ ಎಳೆಯುವವರೆಗೆ ಲೆಕ್ಕ ಮಾಡುವಂತಿಲ್ಲ. ನಾಲ್ಕೂ ಸರಿ ಮಾಡಿದವರಿಗೆ: 'ಗಿರಿಗೆ ರವಿ 5 ಕೊಟ್ಟ ಮೇಲೆ ರವಿಯ ಬಳಿ 12 ಉಳಿದವು. ಮೊದಲು ಎಷ್ಟಿದ್ದವು?' ಆಮೇಲೆ, 'ಕೊಟ್ಟನು' ಎಂಬ ಪದ ಇರಲೇಬೇಕು, ಕೂಡುವ ಲೆಕ್ಕ ಆಗಬೇಕು, ಅಂಥ ಮೂರು ಸಮಸ್ಯೆಗಳನ್ನು ಅವರೇ ಬರೆಯಲಿ.

'ಹೆಚ್ಚು' ಎಂಬ ಪದದ ಬಲೆಯೂ ಹೀಗೆಯೇ. 'ರವಿಯ ಬಳಿ 34 ಇವೆ. ಇದು ಗಿರಿಯ ಬಳಿ ಇರುವುದಕ್ಕಿಂತ 16 ಹೆಚ್ಚು. ಗಿರಿಯ ಬಳಿ ಎಷ್ಟು?' ಹೆಚ್ಚು ಎಂದರೆ ಕೂಡು ಎಂದು ಗೋಡೆಯ ಮೇಲೆ ಚಾರ್ಟ್ ಹಾಕಿರುವ ತರಗತಿಯಲ್ಲಿ ಎಲ್ಲರೂ 50 ಬರೆಯುತ್ತಾರೆ. ಉತ್ತರ 18. ಆ ಚಾರ್ಟ್ ಇಳಿಸಿಬಿಡಿ.

ನಲವತ್ತು ನಿಮಿಷದಲ್ಲಿ

ಇಷ್ಟೆಲ್ಲ ಒಂದು ಅವಧಿಯಲ್ಲಿ ಹೇಗೆ ಎಂದು ಕೇಳುತ್ತೀರಿ. ಇಡೀ ತರಗತಿಗೆ 10 ನಿಮಿಷ, ಗುಂಪಿಗೆ 22, ಕೊನೆಗೆ ಹಂಚಿಕೊಳ್ಳಲು 8. ಗುಂಪು ಮೂರಕ್ಕಿಂತ ಹೆಚ್ಚು ಬೇಡ, ಮೂರೂ ಒಂದೇ ಅಳತೆಯವು ಆಗಬೇಕಿಲ್ಲ. ಒಂದು ದಿನ ಒಂದೇ ಗುಂಪಿನ ಜೊತೆ ಕೂರಿ. ಮೂರೂ ಕಡೆ ಓಡಾಡಿದರೆ ಯಾರ ಲೆಕ್ಕವನ್ನೂ ಪೂರ್ತಿ ನೋಡಿರುವುದಿಲ್ಲ. ಹಾಗಾಗಿ ಉಳಿದೆರಡು ಗುಂಪಿನ ಕೆಲಸ ನಮ್ಮನ್ನು ಕೇಳದೆ ನಡೆಯುವಂತಿರಬೇಕು: ಚೀಟಿಯ ಹಿಂದೆ ಉತ್ತರ, ಕಳೆದದ್ದನ್ನು ಮತ್ತೆ ಕೂಡಿ ನೋಡುವುದು, ಜೋಡಿಯಾಗಿ ಓದಿ ಒಪ್ಪಿಸುವುದು. ಹೊಸ ಬಗೆಯ ಆಟವನ್ನು ಗುಂಪಿಗೆ ಕೊಡುವ ಹಿಂದಿನ ದಿನ ಇಡೀ ತರಗತಿಗೆ ಒಮ್ಮೆ ಆಡಿಸಿ, ಇಲ್ಲದಿದ್ದರೆ 22 ನಿಮಿಷವೂ "ಟೀಚರ್, ಇದು ಹೇಗೆ" ಎಂಬುದರಲ್ಲೇ ಕಳೆಯುತ್ತದೆ.

ಕೊನೆಯ 8 ನಿಮಿಷ ಮೂರೂ ಗುಂಪು ಒಂದೇ ಲೆಕ್ಕಕ್ಕೆ ಸೇರಬೇಕು. ಕಡ್ಡಿಯವರು ಬಿಚ್ಚಿ ತೋರಿಸಲಿ, ಬಿಡಿಸಿ ಬರೆದವರು 53 = 40 + 13 ಎಂದು ಬೋರ್ಡಿನ ಮೇಲೆ ಬರೆಯಲಿ, ಚೀಟಿಯವರು ತಮ್ಮ 53 − 27 ಎಲ್ಲಿಂದ ಬಂತೆಂದು ಹೇಳಲಿ.

ಮಗುವನ್ನು ಒಂದು ಗುಂಪಿನಿಂದ ಯಾವಾಗ ಬಿಡಿಸುವುದು? ಅದೇ ದಿನ ಅಲ್ಲ. ಆಗಷ್ಟೇ ಮಾಡಿದ್ದನ್ನು ಯಾರಾದರೂ ಸರಿ ಮಾಡುತ್ತಾರೆ. ಮೂರು ದಿನ ಬಿಟ್ಟು ಐದು ಲೆಕ್ಕ ಕೊಡಿ: ಹತ್ತನ್ನು ಬಿಡಿಸಬೇಕಾದವು ಮೂರು, ಬಿಡಿಸಬೇಕಿಲ್ಲದವು ಎರಡು, ಕಲಸಿ. ಕಡ್ಡಿಯ ಗುಂಪಿನಿಂದ ಹೊಸದಾಗಿ ಬಂದವರು 58 − 23ರಲ್ಲಿಯೂ ಹತ್ತು ಬಿಡಿಸಲು ಹೋಗಿ ಬಿಡಿಸ್ಥಾನದಲ್ಲಿ 15 ಬರೆದಿರುತ್ತಾರೆ. ಅಂಥವರು ಬಿಡಿಸುವುದನ್ನು ಕಲಿತಿದ್ದಾರೆ, ಯಾವಾಗ ಬಿಡಿಸಬೇಕೆಂಬುದನ್ನು ಇನ್ನೂ ಕಲಿತಿಲ್ಲ. ಇನ್ನೊಂದು ವಾರ ಅಲ್ಲಿಯೇ ಇರಲಿ, ಆದರೆ ಈ ಸಲ ಕಡ್ಡಿ ಬೇಡ. ಹತ್ತು ಲೆಕ್ಕದ ಹಾಳೆ ಕೊಟ್ಟು, ಯಾವುದನ್ನೂ ಮಾಡದೆ, ಹತ್ತು ಬಿಡಿಸಬೇಕಾದವುಗಳ ಪಕ್ಕ ಚುಕ್ಕಿ ಇಡಲು ಮಾತ್ರ ಹೇಳಿ.